ಡಿಂಗಲ್‌ಗೆ ಹೋಗುವವರು ಮೊದಲು ಕುದುರೆ ರೇಸಿನ ದಿನಾಂಕ ನೋಡಿಕೊಳ್ಳಿ

ಐರ್ಲೆಂಡಿನ ಪಶ್ಚಿಮ ಕಡಲಂಚಿನ ಪುಟ್ಟ ಊರು ಡಿಂಗಲ್‌ನಲ್ಲಿ, ಸಮುದ್ರ ಕಾಣುವ ಕೋಣೆ ಎಂದು ನಂಬಿ ರಾತ್ರಿಗೆ 240 ಯೂರೋ ತೆತ್ತೆವು. ಕಿಟಕಿ ತೆರೆದರೆ ಕಂಡದ್ದು ಕಾರು ನಿಲ್ಲಿಸುವ ಅಂಗಳ. ಸಮುದ್ರ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಚ್ಚಲಿನ ಕಿಟಕಿಯಲ್ಲಿ ಕತ್ತು ಹೊರಳಿಸಿದರೆ ಎರಡು ಮಾಡುಗಳ ನಡುವೆ ಅಂಗೈ ಅಗಲದಷ್ಟಿತ್ತು. ತೀರ್ಥಹಳ್ಳಿಯಿಂದ ಡಬ್ಲಿನ್‌ಗೆ ನಮ್ಮ ಜೊತೆ ಮೂರು ತಿಂಗಳು ಇರಲು ಬಂದಿದ್ದ ಅಮ್ಮ ಒಮ್ಮೆ ಇಣುಕಿ, "ಇದಕ್ಕಿಂತ ಹೆಚ್ಚು ಸಮುದ್ರ ನಮ್ಮನೆ ಕ್ಯಾಲೆಂಡರಿನಲ್ಲೇ ಇದೆಯಲ್ಲೋ" ಎಂದಳು.

ಬಾಡಿಗೆ ಯಾಕೆ ಇಷ್ಟು ಎಂದು ಮನೆಯೊಡತಿಯನ್ನು ಕೇಳಿದೆ. "ರೇಸ್ ಇದೆಯಲ್ಲ, ನಿಮಗೆ ಗೊತ್ತಿಲ್ಲವೇ?" ಎಂದು ಅವರೇ ಆಶ್ಚರ್ಯಪಟ್ಟರು. ಆಗಸ್ಟ್‌ನ ಒಂದು ವಾರಾಂತ್ಯ ಇಲ್ಲಿ ಕುದುರೆ ರೇಸ್ ನಡೆಯುತ್ತದೆ. ಸುಮಾರು ಎರಡು ಸಾವಿರ ಜನರ ಊರು. ಆ ದಿನಗಳಲ್ಲಿ ಬೀದಿಯಲ್ಲಿ ಭುಜಕ್ಕೆ ಭುಜ ತಾಗುತ್ತದೆ. ನನಗೆ ಮಳೆ ಎಷ್ಟು ಬಂದರೂ ಸರಿ, ಜನಜಂಗುಳಿ ಆಗುವುದಿಲ್ಲ. ನಿಮಗೂ ಹಾಗೇ ಇದ್ದರೆ ಮೇ ತಿಂಗಳಲ್ಲೋ ಸೆಪ್ಟೆಂಬರ್‌ನಲ್ಲೋ ಹೋಗಿ. ಆಗಸ್ಟ್‌ನಲ್ಲೇ ಹೋಗಬೇಕಾದರೆ ಹತ್ತಿರದ ದೊಡ್ಡ ಊರಾದ ಟ್ರಲೀಯಲ್ಲಿ ಉಳಿದುಕೊಂಡು ಬೆಳಗಿನ ಬಸ್ಸಿಗೆ ಬಂದುಬಿಡಿ.

ಬಸ್ಸಿನದೂ ಒಂದು ಕಥೆ. ಡಿಂಗಲ್‌ಗೆ ರೈಲು ಇಲ್ಲ. ಡಬ್ಲಿನ್‌ನಿಂದ ಟ್ರಲೀವರೆಗೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ, ಕೆಲವು ರೈಲುಗಳಾದರೆ ನಡುವೆ ಮ್ಯಾಲೋದಲ್ಲಿ ಇಳಿದು ಹತ್ತಬೇಕು. ಟ್ರಲೀಯಲ್ಲಿ ಬಸ್ ನಿಲ್ದಾಣ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ. ಹಾಗಾಗಿ ಹದಿನೈದು ನಿಮಿಷದ ಅಂತರ ಸಾಕೆಂದು ಲೆಕ್ಕ ಹಾಕಿದ್ದೆ. ರೈಲು ಹನ್ನೆರಡು ನಿಮಿಷ ತಡವಾಯಿತು. ಅಮ್ಮನ ಮಂಡಿಯನ್ನೂ ಎರಡು ಪೆಟ್ಟಿಗೆಗಳನ್ನೂ ಸಾವರಿಸಿಕೊಂಡು ಹೊರಬರುವಷ್ಟರಲ್ಲಿ ಬಸ್ಸಿನ ಹಿಂಭಾಗ ಕಂಡಿತು. ಮುಂದಿನದಕ್ಕೆ ಎರಡೂವರೆ ಗಂಟೆ ಕಾದೆವು. ರೈಲು ತಡವಾದರೆ ಬಸ್ ಕಾಯುತ್ತದೆ ಎಂಬ ಭ್ರಮೆ ಬೇಡ, ಮೊದಲೇ ಒಂದು ಬಸ್ ತಪ್ಪಿದರೂ ತೊಂದರೆಯಾಗದ ಹಾಗೆ ಹೊರಡಿ. ಹತ್ತಿದ ಮೇಲೆ ಬಲಗಡೆ ಕೂರಿ. ಕ್ಯಾಂಪ್ ಎಂಬ ಹಳ್ಳಿಯವರೆಗೆ ಕೊಲ್ಲಿ ಆ ಕಡೆಯೇ ಇರುತ್ತದೆ. ಆಮೇಲೆ ಗುಡ್ಡ ದಾಟಿದರೆ ಆನಸ್ಕಾಲ್. ಅಲ್ಲಿ 'ಸೌತ್ ಪೋಲ್ ಇನ್' ಎಂಬ ಪಬ್ ಇದೆ. ಅಂಟಾರ್ಕ್ಟಿಕಾ ಯಾತ್ರೆಗಳಿಂದ ಮರಳಿದ ಟಾಮ್ ಕ್ರೀನ್ ತನ್ನೂರಲ್ಲಿ ನಡೆಸುತ್ತಿದ್ದ ಪಬ್ ಅದು.

ಊರಿನ ಪಶ್ಚಿಮಕ್ಕೆ ಸ್ಲೇ ಹೆಡ್ ರಸ್ತೆ ಕಡಲಂಚಿನಲ್ಲಿ ಸುತ್ತು ಹಾಕಿ ಮತ್ತೆ ಡಿಂಗಲ್‌ಗೇ ಬರುತ್ತದೆ. ಎಲ್ಲರೂ ಬರುವುದು ಇದಕ್ಕಾಗಿಯೇ. ನಾವು ತಲೆಗೆ 35 ಯೂರೋ ಕೊಟ್ಟು ಪ್ರವಾಸಿ ವ್ಯಾನ್ ಹತ್ತಿದೆವು. ಚಾಲಕ ಕಡಲು ಕಾಣುವ ಕಡೆಗಳಲ್ಲಿ ಆರು ನಿಮಿಷ ನಿಲ್ಲಿಸಿದ. ಸ್ವೆಟರ್ ಅಂಗಡಿಯಲ್ಲಿ ನಲವತ್ತು ನಿಮಿಷ. ಅಮ್ಮ ಇಳಿದು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಹಾರ್ನ್. ಕೊನೆಗೆ ಹೊತ್ತಾಯಿತೆಂದು ಗ್ಯಾಲರಸ್ ಎಂಬ ಹಳೆಯ ಕಲ್ಲುಕಟ್ಟಡವನ್ನೇ ಬಿಟ್ಟುಬಿಟ್ಟ.

ಮರುದಿನ ಹಟಕ್ಕೆ ಬಿದ್ದು ಅರ್ಧ ದಿನಕ್ಕೆ 130 ಯೂರೋಗೆ ಟ್ಯಾಕ್ಸಿ ಮಾಡಿದೆ. ಮೂವರಿಗೆ ವ್ಯಾನಿನ ಖರ್ಚು 105 ಆಗಿತ್ತು. ಲೆಕ್ಕ ನೀವೇ ಹಾಕಿ. ಸ್ವಂತ ಕಾರು ತರುವವರು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ದೊಡ್ಡ ಬಸ್ಸುಗಳೂ ಹಾಗೇ ಹೋಗುತ್ತವೆ. ಆ ಇಕ್ಕಟ್ಟಿನ ತಿರುವುಗಳಲ್ಲಿ ಎದುರುಬದುರಾದರೆ ಹಿಂದಕ್ಕೆ ಸರಿಯುವವರು ನೀವೇ. ಇದು ಐರಿಷ್ ಮಾತಾಡುವ ಸೀಮೆ. ಫಲಕಗಳಲ್ಲಿ ಊರ ಹೆಸರು ಐರಿಷ್‌ನಲ್ಲಿ ಮಾತ್ರ ಇರುವುದೇ ಹೆಚ್ಚು, ಡನ್‌ಕ್ವಿನ್ ಎಂಬುದು 'ಡೂನ್ ಖೀನ್' ಆಗಿರುತ್ತದೆ. ರಸ್ತೆಯ ಮೇಲೆ ಬಿಳಿ ಬಣ್ಣದಲ್ಲಿ 'ಗೋ ಮಾಲ್' ಎಂದು ಬರೆದದ್ದನ್ನು ಓದಿ ನನ್ನ ಹೆಂಡತಿ, "ಈ ಗುಡ್ಡದಲ್ಲಿ ಯಾವ ಮಾಲ್?" ಎಂದು ಕೇಳಿದಳು. ಹಾಗೆಂದರೆ ನಿಧಾನವಾಗಿ ಹೋಗಿ ಎಂದರ್ಥ.

ಗ್ಯಾಲರಸ್ ಒಂದು ಪುಟ್ಟ ಪ್ರಾರ್ಥನಾ ಮಂದಿರ, ಕವುಚಿ ಹಾಕಿದ ದೋಣಿಯ ಹಾಗಿದೆ. ಗಾರೆ ಇಲ್ಲ. ಕಲ್ಲುಗಳನ್ನು ಹೊರಮುಖಕ್ಕೆ ತುಸು ಇಳಿಜಾರಾಗಿ ಕೂಡಿಸಿದ್ದಾರೆ, ಬಿದ್ದ ನೀರು ಹೊರಕ್ಕೇ ಹರಿಯುತ್ತದೆ. ಅಮ್ಮ ಒಳಗೆ ನಿಂತು ಗೋಡೆ ಸವರಿ ನೋಡಿದಳು. ಪ್ರತಿ ಮಳೆಗಾಲ ಹೆಂಚು ಸರಿಪಡಿಸಿದರೂ ಸೋರುವ ಮನೆಯವಳು, ಏನೂ ಹೇಳಲಿಲ್ಲ. ಅಂದ ಹಾಗೆ ಮಳೆ ಇಲ್ಲಿ ಮೇಲಿನಿಂದಲ್ಲ, ಪಕ್ಕದಿಂದ ಬರುತ್ತದೆ. ಕೊಡೆ ತರಬೇಡಿ, ಟೋಪಿ ಇರುವ ಮಳೆಕೋಟು ತನ್ನಿ.

ಇನ್ನು ಊಟ. ಬಂದರಿನ ಎದುರಿನ ಹೋಟೆಲುಗಳಲ್ಲಿ ಮೀನು ಚೆನ್ನಾಗಿರುತ್ತದಂತೆ. ನಾವು ಸಸ್ಯಾಹಾರಿಗಳು, ಬೆಲೆ ಓದಿ ಮುಂದೆ ನಡೆದೆವು. ಒಳ ಓಣಿಯೊಂದರಲ್ಲಿ ಆರು ಮೇಜುಗಳ ಅಂಗಡಿ ಸಿಕ್ಕಿತು. ಏಳೂವರೆ ಯೂರೋಗೆ ಒಂದು ದೊಡ್ಡ ಬಟ್ಟಲು ತರಕಾರಿ ಸೂಪ್: ಕ್ಯಾರೆಟ್, ಆಲೂಗಡ್ಡೆ, ಲೀಕ್ ಬೇಯಿಸಿ ನುಣ್ಣಗೆ ಅರೆದದ್ದು. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ, ಹಬೆಯಾಡುವ ಬಿಸಿ. ಜೊತೆಗೆ ಕಂದು ಬಣ್ಣದ ಸೋಡಾ ಬ್ರೆಡ್ ಎರಡು ದಪ್ಪ ತುಂಡು, ಉಪ್ಪು ಬೆಣ್ಣೆ. ಅಮ್ಮ ಒಂದು ಚೂರು ಬಾಯಿಗಿಟ್ಟು, "ಇದಕ್ಕೆ ಮಜ್ಜಿಗೆ ಹಾಕಿದ್ದಾರೆ" ಎಂದಳು. ಬಡಿಸಿದ ಹೆಂಗಸನ್ನು ಕೇಳಿದರೆ ನಿಜ: ಯೀಸ್ಟ್ ಇಲ್ಲ, ಸೋಡಾ ಮತ್ತು ಮಜ್ಜಿಗೆಯಲ್ಲೇ ಹಿಟ್ಟು ಉಬ್ಬುತ್ತದೆ. ಆಕೆಗೆ ಅದೆಷ್ಟು ಖುಷಿಯಾಯಿತೆಂದರೆ ಕೇಳದೆ ಇನ್ನೆರಡು ತುಂಡು ತಂದಿಟ್ಟರು, ದುಡ್ಡು ಹಿಡಿಯಲಿಲ್ಲ. ಅಮ್ಮನ ಚೀಲದಿಂದ ಚಟ್ನಿಪುಡಿ ಹೊರಬಂತು. ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದೆವು; ಆಕೆಯೂ ರುಚಿ ನೋಡಿ ಕೆಮ್ಮಿದರು. ಮೂರು ದಿನವೂ ಅಲ್ಲೇ ಉಂಡೆವು. ಎರಡು ಮಾತು ನೆನಪಿಡಿ: ಇಂಥ ಅಂಗಡಿಗಳು ಮಧ್ಯಾಹ್ನ ನಾಲ್ಕಕ್ಕೆಲ್ಲ ಬಾಗಿಲು ಹಾಕುತ್ತವೆ; ಮತ್ತು ತರಕಾರಿ ಸೂಪ್ ಎಂದಿದ್ದರೂ ಕೋಳಿಯ ರಸದಲ್ಲಿ ಮಾಡಿರಬಹುದು, ಕೇಳಿಯೇ ತಿನ್ನಿ.

ಬಂದರಿನಲ್ಲಿ ಡಾಲ್ಫಿನ್ ಪ್ರತಿಮೆಯೊಂದಿದೆ. 1983ರಿಂದ 2020ರವರೆಗೆ ಈ ಕೊಲ್ಲಿಯಲ್ಲೇ ಇದ್ದ ಫಂಗಿಯದು. ಈಗ ಫಂಗಿ ಇಲ್ಲ, ಅದನ್ನು ನಂಬಿ ಮಕ್ಕಳನ್ನು ಕರೆತರಬೇಡಿ.

ಗ್ರೇಟ್ ಬ್ಲಾಸ್ಕೆಟ್ ದ್ವೀಪಕ್ಕೆ ಹೋಗಲಾಗಲಿಲ್ಲ. ಬಿಸಿಲು ಹೊಳೆಯುತ್ತಿತ್ತು, ಆದರೂ ಅಲೆ ದೊಡ್ಡದೆಂದು ದೋಣಿ ರದ್ದು. ಸಿಟ್ಟು ಬಂತು. ದ್ವೀಪದವರ ಬದುಕನ್ನು ತೋರಿಸುವ ಡನ್‌ಕ್ವಿನ್‌ನ ಬ್ಲಾಸ್ಕೆಟ್ ಕೇಂದ್ರಕ್ಕೆ ಹೋದ ಮೇಲೆ ಇಳಿಯಿತು. ಇದೇ ಕಡಲು ದಾಟಲಾಗದೆ, ವೈದ್ಯರ ಕೈಗೆ ಸಿಗದೆ ಯುವಕನೊಬ್ಬ ಆ ದ್ವೀಪದಲ್ಲಿ ಸತ್ತಿದ್ದ. 1953ರಲ್ಲಿ ಉಳಿದಿದ್ದ 22 ಮಂದಿಯನ್ನು ಸರ್ಕಾರ ಈ ದಡಕ್ಕೆ ತಂದಿತು. ಕೇಂದ್ರದ ಉದ್ದನೆಯ ಹಜಾರದ ತುದಿಯಲ್ಲಿ ಗೋಡೆಯಗಲದ ಗಾಜು, ಅದರಾಚೆ ಕಡಲು, ನಡುವೆ ಆ ಖಾಲಿ ದ್ವೀಪ. ಟಿಕೆಟ್ ನಮ್ಮ ಸೂಪಿಗಿಂತಲೂ ಅಗ್ಗ. ಚಳಿಗಾಲದಲ್ಲಿ ಮುಚ್ಚಿರುತ್ತದೆ, ನೋಡಿಕೊಂಡು ಹೋಗಿ. ಅಮ್ಮ ಆ ಗಾಜಿನ ಮುಂದೆ ಕೂತವಳು ಟ್ಯಾಕ್ಸಿಯವನು ಒಳಗೇ ಬಂದು ಕರೆಯುವವರೆಗೂ ಏಳಲಿಲ್ಲ.