ಟೂಲ್ ತಿದ್ದಲು ಕಲಿಸಿದ ವರ್ಕ್‌ಶಾಪ್

ಕೊಪ್ಪಳದಿಂದ ಹೊಸಪೇಟೆ ಕಡೆಗೆ ಹೊರಟರೆ ಗಿಣಿಗೇರಾ ಬರುತ್ತಲೇ ಚಿಮಣಿಗಳು ಕಾಣತೊಡಗುತ್ತವೆ. ಸಂಡೂರಿನ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ, ರೈಲು ಹಳಿ ಪಕ್ಕದಲ್ಲೇ. ಹೀಗಾಗಿ ಬೀಡು ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕೆಲಸ ನಮ್ಮ ಜಿಲ್ಲೆಯಲ್ಲಿ ಬೇರೂರಿತು. ಎಂಜಿನ್ನಿನ ಬ್ಲಾಕು, ಸಿಲಿಂಡರ್ ಹೆಡ್ಡುಗಳು ಇಲ್ಲಿ ಎರಕಗೊಂಡು ದೂರದೂರಿಗೆ ಹೋಗುತ್ತವೆ. ನಮ್ಮೂರಿನ ಗಂಡಸರು ಸೈಕಲ್ ಮೇಲೆ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ದುಡಿಯಲು ಹೋಗುತ್ತಿದ್ದರು. ಹೆಂಗಸರು ಹೋದರೆ ಕಸ ಹೊಡೆಯಲು, ಇಲ್ಲವೇ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಲು. ಈಗ ನಾನು ಅಂಥದೇ ಒಂದು ಕಾರ್ಖಾನೆಯ ಮಶೀನ್ ಶಾಪಿನಲ್ಲಿ ಸಿಎನ್‌ಸಿ ಸೆಟ್ಟರ್, ಅಂದರೆ ಕಂಪ್ಯೂಟರ್ ನಡೆಸುವ ಯಂತ್ರಗಳನ್ನು ಕೆಲಸಕ್ಕೆ ಸಜ್ಜು ಮಾಡುವವಳು. ಈ ಕೆಲಸಕ್ಕೆ ಬುನಾದಿ ಬಿದ್ದದ್ದು ನಮ್ಮ ಐಟಿಐನಲ್ಲಿ, ಲೇತ್ ಯಂತ್ರದಲ್ಲಿ ಲೋಹವನ್ನು ತಿರುಗಿಸಿ ಕಡಿಯುವುದನ್ನು ಕಲಿಸುವ ಟರ್ನರ್ ಟ್ರೇಡಿನ ಎರಡು ವರ್ಷಗಳಲ್ಲಿ.

ಎಸ್ಸೆಸ್ಸೆಲ್ಸಿ ಮುಗಿಸಿ ಅರ್ಜಿ ಹಾಕಲು ಬಂದಾಗ ಹೆಣ್ಣುಮಕ್ಕಳಿಗೆ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: ಕಂಪ್ಯೂಟರ್ ತೊಗೊ, ಇಲ್ಲಾ ಹೊಲಿಗೆ ತೊಗೊ. ಆ ಟ್ರೇಡುಗಳ ಬಗ್ಗೆ ನನಗೆ ಗೌರವವಿದೆ. ಆದರೆ ನಮ್ಮಪ್ಪ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದರು. ಹೆಲ್ಪರಿಗೂ ಟರ್ನರಿಗೂ ಪಗಾರದಲ್ಲಿ ಎಷ್ಟು ಅಂತರ, ಮರ್ಯಾದೆಯಲ್ಲಿ ಎಷ್ಟು ಅಂತರ ಎಂಬುದನ್ನು ಕಣ್ಣಾರೆ ಕಂಡಿದ್ದರು. "ಕಬ್ಬಿಣದ ಕೆಲಸಾನ ಕಲಿ, ನಮ್ಮ ಸುತ್ತ ಇರೋದ ಅದು" ಅಂದರು. ಅವರ ಆ ಒಂದು ಮಾತಿನ ಬಲದ ಮೇಲೆ ನಾನು ಟರ್ನರ್ ಎಂದು ಬರೆದೆ.

ಮನೆಯಲ್ಲಿ ತಕರಾರು ಎದ್ದದ್ದು ಬಳೆಯ ವಿಷಯಕ್ಕೆ. ಲೇತಿನಲ್ಲಿ ಕಬ್ಬಿಣದ ತುಂಡನ್ನು ಹಿಡಿದು ತಿರುಗುವ ಚಕ್ಕಿನ ಮುಂದೆ ಬಳೆ, ದುಪಟ್ಟಾ, ಬಿಟ್ಟ ಜಡೆ ಯಾವುದೂ ಇರಕೂಡದು. ಕೈಗವಸು ಕೂಡ ಕೂಡದು, ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಬರಿಗೈಯಲ್ಲಿ ಮಗಳು ಮನೆಯಿಂದ ಹೊರಗೆ ಹೋಗುವುದು ನಮ್ಮ ಕಡೆ ತಾಯಂದಿರ ಮನಸ್ಸಿಗೆ ಹಿಡಿಸುವ ಮಾತಲ್ಲ. ಅಜ್ಜಿ ಅಂತೂ ಎರಡು ದಿನ ನನ್ನ ಕೂಡ ಮಾತೇ ಆಡಲಿಲ್ಲ. ಕಡೆಗೆ ಅವ್ವನೇ ದಾರಿ ಹುಡುಕಿದಳು. ದಿನಾ ಮುಂಜಾನೆ ನನ್ನ ಬಳೆಗಳನ್ನು ತಾನೇ ತೆಗೆದು ದೇವರ ಜಗಲಿ ಮೇಲೆ ಇಡುವಳು, ಸಂಜೆ ಕೈಕಾಲು ತೊಳೆದ ಮೇಲೆ ತಾನೇ ಹಾಕುವಳು. ನನ್ನ ಸರ್ಟಿಫಿಕೇಟಿನಲ್ಲಿ ಅವಳ ಹೆಸರೂ ಇರಬೇಕಿತ್ತು ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಮೊದಲ ತಿಂಗಳುಗಳೆಲ್ಲ ಫೈಲಿಂಗ್, ಅಂದರೆ ಅರದಿಂದ ಉಜ್ಜುವುದು. ವೈಸಿಗೆ ಹಿಡಿದ ಕಬ್ಬಿಣದ ತುಂಡನ್ನು ಚೌಕ ಮಾಡಬೇಕು. ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಸೋರಬಾರದು. ಅದು ಮುಗಿದ ಮೇಲೆ ಲೇತ್. ಆದರೆ ನಮ್ಮ ಸರ್ ಲೇತಿಗೂ ಮೊದಲು ನಮ್ಮನ್ನು ನಿಲ್ಲಿಸಿದ್ದು ವರ್ಕ್‌ಶಾಪಿನ ಮೂಲೆಯಲ್ಲಿದ್ದ ಪೆಡೆಸ್ಟಲ್ ಗ್ರೈಂಡರ್, ಅಂದರೆ ಕಂಬದ ಮೇಲೆ ಕೂತ ಸಾಣೆ ಯಂತ್ರದ ಮುಂದೆ.

"ತಂಗೀ, ಟೂಲ್ ತಿದ್ದಾಕ ಬರಲಿಲ್ಲಂದ್ರ ಲೇತ್ ನಿನ್ನ ಮಾತ ಕೇಳಂಗಿಲ್ಲ ನೋಡು" ಎಂದು ಕಿರುಬೆರಳು ದಪ್ಪದ ಹೈಸ್ಪೀಡ್ ಸ್ಟೀಲ್ ತುಂಡನ್ನು ಕೈಗಿಟ್ಟರು. ಅದರ ಮೂತಿಯನ್ನು ವೀಲಿಗೆ ಹಿಡಿದು ಕೋನ ತೆಗೆಯಬೇಕು. ಮುಂದೆ ಸ್ವಲ್ಪ ಇಳಿಜಾರು, ಪಕ್ಕಕ್ಕೆ ಸ್ವಲ್ಪ ಇಳಿಜಾರು. ಇಲ್ಲದಿದ್ದರೆ ಟೂಲು ಕಡಿಯುವ ಬದಲು ಜಾಬಿಗೆ, ಅಂದರೆ ಕಡಿಯಬೇಕಾದ ತುಂಡಿಗೆ, ಉಜ್ಜುತ್ತದೆ. ಮೈಲ್ಡ್ ಸ್ಟೀಲಿಗಾದರೆ ಮೇಲ್ಮೈಗೆ ರೇಕ್ (ಹಿಂದಕ್ಕೆ ಇಳಿಜಾರು) ಹೆಚ್ಚು ಕೊಡಬೇಕು, ಬೀಡು ಕಬ್ಬಿಣಕ್ಕೆ ಹೆಚ್ಚುಕಡಿಮೆ ಸಪಾಟು ಇದ್ದರೆ ಸಾಕು. ಅಂಚು ನೀಲಿ ತಿರುಗುವುದರೊಳಗೆ ಕೈ ಹಿಂದೆ ತೆಗೆಯಬೇಕು. ಗೇಜ್ ಇಟ್ಟು ನೋಡುವುದು, ಮತ್ತೆ ಹಿಡಿಯುವುದು, ಮತ್ತೆ ನೋಡುವುದು. ಹುಡುಗರಿಗೂ ಹುಡುಗಿಯರಿಗೂ ಅದೇ ತುಂಡು, ಅದೇ ಗೇಜು. ನಮಗೆ ಅಂತ ಸರ್ ಒಂದು ಡಿಗ್ರಿಯನ್ನೂ ಸಡಿಲಿಸಲಿಲ್ಲ.

ಬೀಡಿನ ಗುಣ ಕೈಗೆ ಹತ್ತಿದ್ದೂ ಅಲ್ಲೇ. ಮೈಲ್ಡ್ ಸ್ಟೀಲ್ ತಿರುಗಿಸಿದರೆ ಚಿಪ್ಸು, ಅಂದರೆ ಕಡಿದುಬಿದ್ದ ಲೋಹ, ಸುರುಳಿ ಸುರುಳಿಯಾಗಿ ಉದ್ದಕ್ಕೆ ಬರುತ್ತದೆ. ಬೀಡು ಹಾಗಲ್ಲ, ಅದರೊಳಗಿನ ಗ್ರಾಫೈಟಿನಿಂದಾಗಿ ಪುಡಿಯಾಗಿ ಉದುರುತ್ತದೆ. ಸಂಜೆ ಹೊತ್ತಿಗೆ ಅಂಗೈ, ಮೂಗು ಎಲ್ಲ ಕಪ್ಪು. ಎರಕದ ಜಾಬಿನ ಹೊರಮೈಯಲ್ಲಿ ಮರಳು ಅಂಟಿದ ಗಡಸು ಸಿಪ್ಪೆ ಇರುತ್ತದೆ. ಮೊದಲ ಕಟ್ ಆ ಸಿಪ್ಪೆಯ ಕೆಳಗೆ ಇಳಿಯಬೇಕು, ಮೇಲೆ ಮೇಲೆ ಸವರಿದರೆ ಟೂಲಿನ ಅಂಚೇ ಹೋಗುತ್ತದೆ.

ಐಟಿಐ ಮುಗಿದ ಮೇಲೆ 1961ರ ಕಾಯ್ದೆಯಡಿ ಅಪ್ರೆಂಟಿಸ್ ಆದೆ, ಆಮೇಲೆ ಬೇರೆ ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್. ಇಲ್ಲಿ ಒಂದು ಮಾತನ್ನು ತಂಗಿಯರಿಗೆ ಬಿಡಿಸಿ ಹೇಳಬೇಕು. ಆಪರೇಟರ್ ಎಂದರೆ ಜಾಬ್ ಏರಿಸುವುದು, ಯಂತ್ರದ 'ಸೈಕಲ್ ಸ್ಟಾರ್ಟ್' ಬಟನ್ ಒತ್ತುವುದು, ಇಳಿಸಿ ಅಳತೆ ನೋಡುವುದು. ಡ್ರಾಯಿಂಗ್ ಓದಿ, ಟೂಲ್ ಕಟ್ಟಿ, ಆಫ್‌ಸೆಟ್ (ಯಂತ್ರಕ್ಕೆ ಟೂಲಿನ ಅಳತೆ) ಹಾಕಿ, ಮೊದಲ ಜಾಬನ್ನು ಪಾಸ್ ಮಾಡಿಸುವವರು ಸೆಟ್ಟರ್. ಹೆಣ್ಣುಮಕ್ಕಳನ್ನು ಆಪರೇಟರ್ ಜಾಗದಲ್ಲೇ ಉಳಿಸುತ್ತಾರೆ. ಇಲ್ಲವೇ 'ಕೂತು ಮಾಡೋ ಕೆಲಸ' ಎಂದು ಇನ್‌ಸ್ಪೆಕ್ಷನ್ ಟೇಬಲ್ಲಿಗೆ ಕಳಿಸುತ್ತಾರೆ. ಕಳಕಳಿಯಿಂದಲೇ ಕಳಿಸುತ್ತಾರೆ, ಆದರೆ ಬೆಳವಣಿಗೆ ನಿಲ್ಲುವುದು ಆ ಟೇಬಲ್ಲಿನಲ್ಲೇ.

ಇದಕ್ಕೆ ಕಾನೂನಿನ ಕಾರಣವೂ ಇತ್ತು. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮಿನ ಪ್ರಕಾರ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರಿಗೆ ಕೆಲಸವಿರಲಿಲ್ಲ. ಸೆಟ್ಟರ್ ಆದವರು ಮೂರೂ ಶಿಫ್ಟಿಗೆ ಬರಬೇಕು. ಹಗಲು ಮಾತ್ರ ಬರುವವಳಿಗೆ ಆ ಜಾಗ ಹೇಗೆ ಕೊಟ್ಟಾರು? ಶಿಫ್ಟ್ ಭತ್ಯೆಯೂ ಕೈತಪ್ಪುತ್ತಿತ್ತು. 2019ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ನಮ್ಮ ಒಪ್ಪಿಗೆ, ಹೋಗಿಬರಲು ವಾಹನ, ಭದ್ರತೆ ಮುಂತಾದ ಷರತ್ತುಗಳ ಮೇಲೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ರಾತ್ರಿ ಕೆಲಸ ಹೆಣ್ಣಿಗೆ ಹೊರೆ ಎನ್ನುವವರಿದ್ದಾರೆ. ವಾಹನ ಇಲ್ಲದೆ, ಶೌಚಾಲಯಕ್ಕೆ ದೀಪವಿಲ್ಲದೆ ಕರೆದರೆ ಖಂಡಿತ ಹೊರೆಯೇ. ಅವು ಸರಿಯಿದ್ದಲ್ಲಿ ಅದು ಬಡ್ತಿಯ ಬಾಗಿಲು, ನನಗಂತೂ ಆಯಿತು.

ಫ್ಲೈವೀಲ್ ಲೈನಿನಲ್ಲಿ ಒಮ್ಮೆ ಕಾರ್ಬೈಡ್ ಇನ್ಸರ್ಟುಗಳು, ಅಂದರೆ ಟೂಲಿನ ತುದಿಗೆ ಕೂರಿಸುವ ಕಡಿಯುವ ತುಂಡುಗಳು, ಬೇಗ ಬೇಗ ಚಕ್ಕೆ ಏಳತೊಡಗಿದವು. ಇನ್ಸರ್ಟಿನ ಗ್ರೇಡ್ ಬದಲಿಸಿದರು, ಸ್ಪೀಡ್ ಇಳಿಸಿದರು. ನಾನು ಮುರಿದ ಇನ್ಸರ್ಟೊಂದನ್ನು ಬೆಳಕಿಗೆ ಹಿಡಿದು ನೋಡಿದೆ. ಅಂಚು ಸವೆದದ್ದು ಸಿಪ್ಪೆ ತಾಗುವ ಜಾಗದಲ್ಲೇ. "ಸರ್, ಫಸ್ಟ್ ಕಟ್ ಡೆಪ್ತ್ ಸಾಲವಲ್ದು, ಸಿಪ್ಪೆ ಮ್ಯಾಲೆ ಓಡಾಕತ್ತೈತಿ" ಎಂದೆ. ಎಂಜಿನಿಯರ್ ಒಪ್ಪಿ ಮೊದಲ ಪಾಸಿನ ಆಳ ಹೆಚ್ಚಿಸಿದರು, ಇನ್ಸರ್ಟು ತಾಳಿತು. ಮುಂದಿನ ತಿಂಗಳು ನನ್ನನ್ನು ಸೆಟ್ಟಿಂಗಿಗೆ ಹಾಕಿದರು. ಆ ಗುರುತು ನನಗೆ ಸಿಕ್ಕಿದ್ದು ಸಿಎನ್‌ಸಿಯಿಂದಲ್ಲ, ಮೂಲೆಯ ಆ ಗ್ರೈಂಡರಿನಿಂದ.

ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಸರ್ಕಾರ ರಾಜ್ಯದ 150 ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದು ದೊಡ್ಡ ಕೆಲಸ. ಹೊಸ ಯಂತ್ರಗಳ ಮುಂದೆ ನಿಂತ ಹುಡುಗಿಯರನ್ನು ನೋಡಿದರೆ ಎದೆ ತುಂಬುತ್ತದೆ. ಆದರೆ ಹಳೆಯ ಲೇತುಗಳನ್ನು ಗೋಡೆಗೆ ಸರಿಸಿ ಗುಜರಿಗೆ ಹಾಕುವ ಮಾತು ಕೇಳಿದಾಗ ಪ್ರಾಚಾರ್ಯರ ಬಳಿ ಹೋಗಿ ಕೈಮುಗಿದು ಕೇಳಿಕೊಂಡಿದ್ದೇನೆ, ಇಲ್ಲೂ ಕೇಳುತ್ತೇನೆ: ಮೊದಲ ವರ್ಷದವರಿಗೆ ಆ ಲೇತುಗಳು ಇರಲಿ, ಗ್ರೈಂಡರ್ ಅದರ ಜಾಗದಲ್ಲೇ ಇರಲಿ. ವೀಲ್ ಸವೆದಾಗಲೆಲ್ಲ ಹೊಸದನ್ನು ನಾನು ತಂದುಕೊಡುತ್ತೇನೆ. ತಿಂಗಳಿಗೊಂದು ಶನಿವಾರ ಬಂದು ಟೂಲ್ ತಿದ್ದುವುದನ್ನು ತೋರಿಸಲೂ ಸಿದ್ಧಳಿದ್ದೇನೆ. ಸೋಮವಾರ ರಾತ್ರಿ ಪಾಳಿ ಇದ್ದ ವಾರ ಮಾತ್ರ ಮೊದಲೇ ಒಂದು ಫೋನ್ ಮಾಡಿ ತಿಳಿಸಿದರೆ ಸಾಕು.