ಒಣಗದ ಬಟ್ಟೆಗೆ ರಿಯಾಯಿತಿ ಇಲ್ಲ

ಹೋದ ವರ್ಷ ಜೂನ್ ಕೊನೆಗೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಮೇಲ್ ಬಂತು. 60 ಜನರ ಕಂಪನಿ, ಹೆಸರು ಬೇಡ. ಮಂಗಳೂರಿನಲ್ಲಿ ಒಂದು ಆಫೀಸು ತೆರೆಯುವ ಯೋಚನೆ ಇದೆ, ಯಾವ ಯಾವ ತೆರಿಗೆ ರಿಯಾಯಿತಿ ಸಿಗುತ್ತದೆ ಅಂತ ಪಟ್ಟಿ ಮಾಡಿ ಕಳಿಸಿ ಅಂತ ಬರೆದಿದ್ದರು.

ನಾನು ಮಂಗಳೂರಿನ ಕದ್ರಿಯಲ್ಲಿ ಸಣ್ಣ ಆಫೀಸು ಇಟ್ಟುಕೊಂಡಿರುವ ಸಿಎ. 22 ವರ್ಷ ಆಯ್ತು. ಇಂಥ ಪಟ್ಟಿ ಎಷ್ಟು ಮಾಡಿದ್ದೇನೋ ಲೆಕ್ಕ ಇಲ್ಲ. ಎಕ್ಸೆಲ್ ತೆರೆದೆ, 14 ಸಾಲು ತುಂಬಿಸಿದೆ. ಆಮೇಲೆ ಒಂದೊಂದಾಗಿ ಅಳಿಸುತ್ತಾ ಬಂದೆ.

ಯಾಕೆ ಅಂದರೆ, ದೊಡ್ಡ ದೊಡ್ಡ ರಿಯಾಯಿತಿಗಳ ಕಾಲ ಮುಗಿದಿದೆ. ಸಾಫ್ಟ್‌ವೇರ್ ಪಾರ್ಕಿನ ಕಂಪನಿಗಳಿಗೆ ಆದಾಯ ತೆರಿಗೆ ಕಾಯ್ದೆಯ 10ಎ ಕಲಮಿನಲ್ಲಿ ರಫ್ತಿನ ಲಾಭಕ್ಕೆ ಇದ್ದ ವಿನಾಯಿತಿ 2011ರ ಮಾರ್ಚ್ 31ಕ್ಕೆ ನಿಂತಿತು. ಆಮೇಲೆ ಎಲ್ಲರೂ ರಫ್ತಿಗೆಂದೇ ಗುರುತಿಸಿದ ವಿಶೇಷ ಆರ್ಥಿಕ ವಲಯದ ಹಿಂದೆ ಬಿದ್ದರು. ಅಲ್ಲಿ ಮೊದಲ 5 ವರ್ಷ ಪೂರ್ತಿ ವಿನಾಯಿತಿ, ಮುಂದಿನ 5 ವರ್ಷ ಅರ್ಧ, ಅದರ ಮುಂದಿನ 5 ವರ್ಷ ಲಾಭವನ್ನು ಮತ್ತೆ ಅಲ್ಲೇ ಹೂಡಿದರೆ ಅರ್ಧ. ಹೊಸಬರಿಗೆ ಆ ಬಾಗಿಲೂ 2020ಕ್ಕೆ ಮುಚ್ಚಿತು. 2019ರಲ್ಲಿ ಕೇಂದ್ರ ಸರ್ಕಾರ 'ವಿನಾಯಿತಿ ಗಿನಾಯಿತಿ ಕೇಳಬೇಡಿ, 22 ಶೇಕಡ ಕಟ್ಟಿ ಹೋಗಿ' ಅಂತ ಕಂಪನಿಗಳಿಗೆ ಬೇರೆ ದಾರಿ ತೋರಿಸಿತು. ಸರ್‌ಚಾರ್ಜು, ಸೆಸ್ಸು ಸೇರಿ 25.17 ಆಗುತ್ತದೆ. ಅದು ವೈಟ್‌ಫೀಲ್ಡಿಗೂ ಅಷ್ಟೇ, ಮಂಗಳೂರಿನ ಬಿಜೈಗೂ ಅಷ್ಟೇ.

ಉಳಿದದ್ದು ರಾಜ್ಯದ್ದು. ಬೆಂಗಳೂರಿನ ಆಚೆ ಹೋಗಿ ಅಂತ 'ಬಿಯಾಂಡ್ ಬೆಂಗಳೂರು' ಯೋಜನೆ ಇದೆ. ಮಂಗಳೂರು, ಉಡುಪಿ, ಮಣಿಪಾಲ ಎಲ್ಲ ಅದರಲ್ಲಿ ಬರುತ್ತವೆ. ಸ್ಟ್ಯಾಂಪ್ ಡ್ಯೂಟಿ, ಬಾಡಿಗೆಯಲ್ಲಿ ಒಂದು ಪಾಲು, ಕರೆಂಟು ಬಿಲ್ಲಿನ ಮೇಲಿನ ತೆರಿಗೆ, ಹೀಗೆ. ಚೆನ್ನಾಗಿಯೇ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬಾಡಿಗೆಯಂಥದ್ದನ್ನು ಮೊದಲು ನೀವು ಕಟ್ಟಬೇಕು, ಆಮೇಲೆ ಅರ್ಜಿ ಹಾಕಿ ವಾಪಸ್ ಪಡೆಯಬೇಕು. ಮತ್ತೆ ಇದೇ ರಿಯಾಯಿತಿ ಹುಬ್ಬಳ್ಳಿಗೂ ಉಂಟು, ಮೈಸೂರಿಗೂ ಉಂಟು. ಎಲ್ಲರ ಅಂಗಡಿಯಲ್ಲೂ ಒಂದೇ ಡಿಸ್ಕೌಂಟ್ ಇದ್ದರೆ ಗಿರಾಕಿ ಅಂಗಡಿ ನೋಡ್ತಾನೆ, ಅಲ್ವಾ?

ಇನ್ಫೋಸಿಸ್ 1995ರಲ್ಲಿ ಮಂಗಳೂರಿಗೆ ಬಂತು. ಆಗ ಇದ್ದ ತೆರಿಗೆ ವಿನಾಯಿತಿ ಬೆಂಗಳೂರಿನಲ್ಲೂ ಅಷ್ಟೇ ಇತ್ತು. ಮರು ವರ್ಷ ಉಡುಪಿಯಲ್ಲಿ ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರುವಾಯಿತು. ಅದಕ್ಕೂ ಮೊದಲಿನದ್ದು ಹೇಳುವುದಾದರೆ, ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯ ಅಂತ ಐದು ಬ್ಯಾಂಕುಗಳು ಹುಟ್ಟಿದ್ದು ಈ ಎರಡು ಊರುಗಳಲ್ಲೇ. ಯಾವ ರಿಯಾಯಿತಿ ಪಟ್ಟಿ ನೋಡಿ ಹುಟ್ಟಿದವು ಅವು? (ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು. ಪಾಂಡೇಶ್ವರದ ಆ ಹೆಡ್ ಆಫೀಸಿನ ಮುಂದೆ ಹೋಗುವಾಗ ನನಗೆ ಈಗಲೂ ಒಂಥರಾ ಆಗುತ್ತದೆ. ಇರಲಿ.)

14ರಲ್ಲಿ 5 ಸಾಲು ಉಳಿಸಿ ಕಳಿಸಿದೆ. ಮಾಲೀಕರು "ಬಂದು ನೋಡ್ತೀವಿ ಮೇಡಂ" ಅಂದರು. ನಾನು "ನವೆಂಬರಿನಲ್ಲಿ ಬನ್ನಿ ಸಾರ್" ಅಂದೆ. ಅವರು ಜುಲೈಯಲ್ಲೇ ಬಂದರು.

ಮಾಲೀಕರು ದಾವಣಗೆರೆ ಕಡೆಯವರು. ಜೊತೆಗೆ ಅವರ ಮ್ಯಾನೇಜರ್, ಕುಂದಾಪುರದ ಹುಡುಗ. ಈ ಇಡೀ ಯೋಚನೆ ಅವನ ತಲೆಯಿಂದ ಬಂದದ್ದು ಅಂತ ಐದೇ ನಿಮಿಷದಲ್ಲಿ ಗೊತ್ತಾಯಿತು. ಮಾಲೀಕರು ಫೋನಿನಲ್ಲಿ ಇದ್ದಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಊರಿಗ್ ಬಪ್ಪುಕೆ ಒಂದ್ ದಾರಿ ಸಿಕ್ರೆ ಸಾಕ್ ಅಕ್ಕ" ಅಂದ.

ಕೊಟ್ಟಾರ ಚೌಕಿ ಹತ್ತಿರ ಕಾರು ನಿಂತಿತು. ನೀರು. ಮಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋರು ಮಳೆ ಎರಡು ಗಂಟೆ ಬಿದ್ದರೆ ಅಲ್ಲಿ ದ್ವಿಚಕ್ರದವರು ಕಾಲು ಎತ್ತಿಕೊಂಡೇ ಹೋಗಬೇಕು. ಮಾಲೀಕರು ಗಾಜಿನಿಂದ ನೋಡುತ್ತಾ, "ಇದು ಪ್ರತಿ ವರ್ಷಾನಾ?" ಅಂತ ಕೇಳಿದರು. ನಾನು ಹೌದು ಅಂದೆ. ಸುಳ್ಳು ಹೇಳಿ ಏನು ಮಾಡುವುದು? ಆಸ್ತಿ ತೆರಿಗೆಯಲ್ಲಿ ಏನಾದರೂ ಬಿಡಿಸಿ ಕೊಡಿ ಅಂತ ನನ್ನ ಕ್ಲೈಂಟುಗಳು ಎಷ್ಟೋ ಜನ ಕೇಳುತ್ತಾರೆ. ಚರಂಡಿಯ ಹೂಳು ಎತ್ತುವುದು ಅದೇ ದುಡ್ಡಿನಿಂದ ಅನ್ನುವುದು ಕಾರು ನೀರಿನಲ್ಲಿ ನಿಂತಾಗ ಮಾತ್ರ ನೆನಪಾಗುತ್ತದೆ. ನನಗೂ ಅಷ್ಟೇ.

ನೋಡಲು ಹೋದ ಜಾಗ ಕಟ್ಟಡದ ಕೊನೆಯ ಮಹಡಿ. ಮೇಲೆ ಶೀಟಿನ ಮಾಡು. ಬಾಡಿಗೆ ಕೇಳಿ ಮಾಲೀಕರ ಮುಖ ಅರಳಿತು. ಅದೇ ಹೊತ್ತಿಗೆ ಅವರಿಗೆ ಅಮೆರಿಕದ ಗಿರಾಕಿಯ ಕರೆ ಬಂತು. ಇವರು "ಹಲೋ" ಅಂದದ್ದೇ ತಡ, ಮಳೆ ಬಂತು. ಇಲ್ಲಿಯ ಆಟಿ ತಿಂಗಳ ಮಳೆ ಶೀಟಿನ ಮೇಲೆ ಬಿದ್ದರೆ ಜಲ್ಲಿ ಸುರಿದ ಹಾಗೆ ಇರುತ್ತದೆ. ಇವರು ಒಂದು ಕಿವಿ ಮುಚ್ಚಿಕೊಂಡು ಮೂಲೆಗೆ ಹೋದರು. ಕೇಳಿಸಲಿಲ್ಲ. ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಪಕ್ಕದ ಆಫೀಸಿನ ಯುಪಿಎಸ್ ಕುಂಯ್ ಕುಂಯ್ ಅನ್ನುತ್ತಿತ್ತು. ಕತ್ತಲೆ ಬಾತ್‌ರೂಮಿನೊಳಗಿಂದ "ಸಾರಿ, ಸಾರಿ, ಇಟ್ಸ್ ರೈನಿಂಗ್" ಅಂತ ಅವರ ದನಿ. ಮ್ಯಾನೇಜರ್ ಹುಡುಗ ನನ್ನ ಮುಖ ನೋಡಿದ, ನಾನು ಕಿಟಕಿ ನೋಡಿದೆ.

ಮಧ್ಯಾಹ್ನ ಊಟಕ್ಕೆ ಅಂಜಲ್ ಮೀನು ಬೇಕು ಅಂದರು. ಜೂನ್, ಜುಲೈ ಎರಡು ತಿಂಗಳು ಮೀನು ಹಿಡಿಯುವ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಹೋಟೆಲಿನವನು "ಅಂಜಲ್ ಐಸಿನದ್ದು ಮಾರಾಯ್ರೆ, ಬೇಡ. ಬಂಗುಡೆ ತಕೊಳ್ಳಿ" ಅಂದ. ಮಾಲೀಕರಿಗೆ ಅದು ತುಂಬಾ ಹಿಡಿಸಿತು. "ನಮ್ಮಲ್ಲಿ ಯಾರೂ ಹೀಗೆ ಹೇಳಲ್ಲ ಮೇಡಂ" ಅಂತ ಸಂಜೆವರೆಗೂ ಹೇಳುತ್ತಿದ್ದರು. ಇಂಥದ್ದನ್ನು ಎಕ್ಸೆಲ್‌ನಲ್ಲಿ ಎಲ್ಲಿ ಹಾಕುವುದು?

ವಾಪಸ್ ಹೋದ ಮೇಲೆ ಅವರು ಒಂದು ಒಳ್ಳೆಯ ಕೆಲಸ ಮಾಡಿದರು. ಸ್ಟಾಫನ್ನೆಲ್ಲ ಆನ್‌ಲೈನ್ ಮೀಟಿಂಗಿಗೆ ಕರೆದು, ನನ್ನನ್ನೂ ಕೂರಿಸಿ, ಏನು ಬೇಕಾದರೂ ಕೇಳಿ ಅಂದರು. ನಾನು ರಿಯಾಯಿತಿಯ ಕಾಗದ ಹತ್ತಿರವೇ ಇಟ್ಟುಕೊಂಡಿದ್ದೆ. ಅದರ ಬಗ್ಗೆ ಒಬ್ಬರೂ ಕೇಳಲಿಲ್ಲ. ಅವರಿಗೇನು ಸಿಗುತ್ತದೆ ಅದರಲ್ಲಿ?

ಒಬ್ಬರು ಬೆಂಗಳೂರಿಗೆ ವಾರವಾರ ಬರಲು ಆಗುತ್ತದಾ ಅಂತ ಕೇಳಿದರು. ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಆದರೆ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿಲೋಮೀಟರ್ ಘಾಟಿಯಲ್ಲಿ ರೈಲು ತೆವಳುತ್ತದೆ. 2024ರ ಜುಲೈಯಲ್ಲಿ ಎಡಕುಮೇರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲು ದಿನಗಟ್ಟಲೆ ನಿಂತಿತ್ತು, ಶಿರಾಡಿ ರಸ್ತೆಯಲ್ಲೂ ಗುಡ್ಡ ಕುಸಿದಿತ್ತು. ಇನ್ನೊಬ್ಬರು ನೀರಿನ ಬಗ್ಗೆ ಕೇಳಿದರು. ಇಷ್ಟು ಮಳೆ ಬೀಳುವ ಊರಿನಲ್ಲಿ 2019ರ ಬೇಸಿಗೆಗೆ ಊರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಸರದಿ ಮೇಲೆ ಬಿಟ್ಟಿದ್ದರು ಅಂದರೆ ಅವರು ನಂಬಲಿಲ್ಲ.

ಮ್ಯಾನೇಜರಿನ ಹೆಂಡತಿಯೂ ಪಕ್ಕದಲ್ಲಿ ಕೂತಿದ್ದರು ಕಾಣುತ್ತದೆ. ಅವರೂ ಐಟಿಯವರೇ, ಬೇರೆ ಕಂಪನಿ. "ಇವರಿಗೆ ಅಲ್ಲಿ ಕೆಲಸ ಉಂಟು, ನನಗೆ? ನಾಳೆ ಈ ಕಂಪನಿಯೇ ಮುಚ್ಚಿದರೆ ಇವರಿಗೆ?" ಇದು ನಿಜವಾದ ಪ್ರಶ್ನೆ. ಬೆಂಗಳೂರಿನಲ್ಲಿ ಒಂದು ಕೆಲಸ ಹೋದರೆ ಮುಂದಿನ ಸಿಗ್ನಲ್‌ನಲ್ಲಿ ಇನ್ನೊಂದು. ಟ್ರಾಫಿಕ್ಕಿಗೆ ಬೈಯುತ್ತಾ ಜನ ಅಲ್ಲೇ ಇರುವುದು ಅದಕ್ಕೇ. ಇಲ್ಲಿ ಕೆಲಸ ಕೊಡುವವರು ಕಡಿಮೆ ಅಂತ ಕೆಲಸದವರು ಬರುವುದಿಲ್ಲ, ಕೆಲಸದವರು ಇಲ್ಲ ಅಂತ ಕಂಪನಿ ಬರುವುದಿಲ್ಲ. ಈ ಗಂಟು ಬಿಚ್ಚಲು ಬಾಡಿಗೆಯ ರಿಯಾಯಿತಿ ಸಾಲುವುದಿಲ್ಲ.

ಕೊನೆಗೆ ಒಬ್ಬಳು ಹುಡುಗಿ. ತುಮಕೂರಿನವಳು. "ಮೇಡಂ, ರಾತ್ರಿ ಫ್ರೆಂಡ್ಸ್ ಜೊತೆ ಹೊರಗೆ ಹೋದರೆ ಅಲ್ಲಿ ಯಾರೂ ಏನೂ ಮಾಡಲ್ವಾ?"

ನನಗೆ ಕೂಡಲೇ ಉತ್ತರ ಬರಲಿಲ್ಲ. 2009ರ ಜನವರಿಯಲ್ಲಿ ಮಂಗಳೂರಿನ ಒಂದು ಪಬ್ಬಿಗೆ ಒಂದು ಗುಂಪು ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿದೆ. ಆಗ ಈ ಹುಡುಗಿ ಪ್ರೈಮರಿ ಸ್ಕೂಲಿನಲ್ಲಿ ಇದ್ದಿರಬೇಕು. ಆದರೂ ಊರಿನ ಹೆಸರು ಹೇಳಿದ ಕೂಡಲೇ ಅವಳಿಗೆ ನೆನಪಾದದ್ದು ಅದೇ. ನನ್ನ ಮಗಳೂ ರಾತ್ರಿ ಒಂಬತ್ತೂವರೆಗೆ ಸ್ಕೂಟರಿನಲ್ಲಿ ಬರುತ್ತಾಳೆ, ನನಗೆ ಹೆದರಿಕೆ ಇಲ್ಲ ಅಂದೆ. ಅದು ನಿಜ. ಒಂಬತ್ತೂವರೆ ಆದ ಮೇಲೆ ಹೋಗಲು ಇಲ್ಲಿ ಹೆಚ್ಚು ಜಾಗ ಇಲ್ಲ ಅನ್ನುವುದೂ ನಿಜ, ಅದನ್ನೂ ಹೇಳಿದೆ. ನನ್ನ ಮಗಳು ಯಾರ ಜೊತೆ ಕೂತು ಕಾಫಿ ಕುಡಿದಳು ಅಂತ ಯಾರೋ ಒಬ್ಬ ನಿಂತು ನೋಡುವ ಊರು ಇದಾಗಬಾರದು ಅಂತ ನನಗೆ ಇದೆ. ಅದನ್ನು ಮೀಟಿಂಗಿನಲ್ಲಿ ಹೇಳಲಿಲ್ಲ. ಹೇಳಬೇಕಿತ್ತು.

ಕಂಪನಿ ಬಂತು. ಸ್ವಂತ ಆಫೀಸು ಅಲ್ಲ. ಬೇರೆಯವರ ಆಫೀಸಿನಲ್ಲಿ 12 ಕುರ್ಚಿ, ಎರಡನೇ ಮಹಡಿ, ಮೇಲೆ ಶೀಟ್ ಇಲ್ಲ. ಬಂದ 12 ಜನರಲ್ಲಿ 11 ಜನ ಈ ಕಡೆಯವರೇ, ಕಾರ್ಕಳ, ಕುಂದಾಪುರ, ಬಂಟ್ವಾಳ. ಅಪ್ಪ ಅಮ್ಮನಿಗೆ ವಯಸ್ಸಾಯಿತು ಅಂತ ಬಂದವರು ಜಾಸ್ತಿ. ಮ್ಯಾನೇಜರ್ ಒಬ್ಬನೇ ಬಂದಿದ್ದಾನೆ, ಹೆಂಡತಿ ಇನ್ನೂ ಬೆಂಗಳೂರಿನಲ್ಲೇ. ಬಾಡಿಗೆ ವಾಪಸ್ ಕೇಳುವ ಅರ್ಜಿ ನನ್ನ ಮೇಜಿನ ಮೇಲೆ ಇದೆ, ಒಂದು ಕಾಗದ ಕಡಿಮೆ ಅಂತ.

ಹನ್ನೆರಡನೆಯವಳು ಆ ತುಮಕೂರಿನ ಹುಡುಗಿ. ಮೊನ್ನೆ ಫೋನ್ ಮಾಡಿದಳು. ನಾಲ್ಕು ದಿನದಿಂದ ಬಟ್ಟೆ ಒಣಗಿಲ್ಲ, ಕಪಾಟಿನಲ್ಲಿಟ್ಟ ಚಪ್ಪಲಿಗೆ ಬೂಸ್ಟು ಬಂದಿದೆ, ಏನು ಮಾಡಲಿ ಮೇಡಂ ಅಂತ. ಕಪಾಟಿನೊಳಗೆ ಒಂದು ಹಳೇ ಕಾಲದ 60 ವ್ಯಾಟಿನ ಬಲ್ಬು ತೂಗುಹಾಕು, ಬಟ್ಟೆಗೆ ತಾಗದ ಹಾಗೆ ನೋಡಿಕೋ ಅಂದೆ. ಮೂರು ಅಂಗಡಿ ಸುತ್ತಿದಳಂತೆ, ಎಲ್ಲ ಕಡೆ ಎಲ್‌ಇಡಿ ಮಾತ್ರ. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲವಲ್ಲ. ನಮ್ಮ ಮನೆಯ ಅಟ್ಟದಲ್ಲಿ ಅಂಥದ್ದು ಎರಡು ಇತ್ತು. ಒಂದನ್ನು ಪೇಪರಿನಲ್ಲಿ ಸುತ್ತಿ ಮಗಳ ಕೈಯಲ್ಲಿ ಕೊಟ್ಟು ಕಳಿಸಿದೆ.