ಝಾರ್‌ಗಳ ಕೋಟೆಯಲ್ಲಿ ಗೋಡೆ ತಟ್ಟಿದ ಸದ್ದು

ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಢಂ ಅಂತ ಸದ್ದಾಯಿತು. ಮಗಳು ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಸೇಂಟ್ ಪೀಟರ್ಸ್‌ಬರ್ಗ್‌ನ ಪೀಟರ್ ಮತ್ತು ಪಾಲ್ ಕೋಟೆಯಲ್ಲಿ ದಿನಾ ಈ ಹೊತ್ತಿಗೆ ತೋಪು ಹಾರಿಸುತ್ತಾರೆ. ಊರಿನವರು ತಲೆ ಕೂಡ ಎತ್ತಲಿಲ್ಲ. ಬೆಚ್ಚಿದ್ದು ನಾವು ಮತ್ತು ಪಾರಿವಾಳಗಳು.

ಕೋಟೆ ಇರುವುದು ನೇವಾ ನದಿಯ ಒಂದು ಪುಟ್ಟ ದ್ವೀಪದಲ್ಲಿ. ಎದುರು ದಂಡೆಯಲ್ಲಿ ಚಳಿಗಾಲದ ಅರಮನೆ ಕಾಣುತ್ತದೆ. ಝಾರ್, ಅಂದರೆ ರಷ್ಯಾದ ದೊರೆ, ಆ ಕಡೆ, ಅವನನ್ನು ಪ್ರಶ್ನಿಸಿದವರು ಈ ಕಡೆ. ನಡುವೆ ನೀರು ಅಷ್ಟೆ.

ಕೋಟೆಯೊಳಗಿನ ಟ್ರುಬೆಟ್ಸ್ಕೊಯ್ ಬುರುಜಿನ ಜೈಲು 1870ರ ದಶಕದ ಶುರುವಿನಲ್ಲಿ ಕಟ್ಟಿದ್ದು. ಎರಡು ಅಂತಸ್ತು, ಉದ್ದನೆಯ ಓಣಿ, ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಕಬ್ಬಿಣದ ಮಂಚ, ಗೋಡೆಗೇ ಕೂಡಿಸಿದ ಕಬ್ಬಿಣದ ಮೇಜು. ಚಿತ್ರಹಿಂಸೆಯ ಸಾಮಾನು ಏನಾದರೂ ಇರಬಹುದು ಅಂದುಕೊಂಡಿದ್ದೆ. ಇಲ್ಲ. ಇಲ್ಲಿನ ಶಿಕ್ಷೆ ಮೌನ. ಮಾತಾಡುವಂತಿಲ್ಲ, ಹಾಡುವಂತಿಲ್ಲ. ಕಾವಲುಗಾರರು ಸದ್ದಾಗದ ಹಾಗೆ ಮೆತ್ತನೆ ಚಪ್ಪಲಿ ಹಾಕಿಕೊಂಡು ಬಂದು ಬಾಗಿಲಿನ ಕಿಂಡಿಯಲ್ಲಿ ಇಣುಕುತ್ತಿದ್ದರಂತೆ.

1874ರಲ್ಲಿ ಈ ಕೋಟೆಗೆ ಕ್ರಾಂತಿಕಾರಿ ಪೀಟರ್ ಕ್ರೊಪೊಟ್ಕಿನ್ ಕೈದಿಯಾಗಿ ಬಂದ. ಹುಟ್ಟಿನಿಂದ ರಾಜಕುಮಾರ. ಹದಿಹರೆಯದಲ್ಲಿ ಎದುರಿನ ಅರಮನೆಯಲ್ಲೇ ಎರಡನೇ ಅಲೆಕ್ಸಾಂಡರನ ಖಾಸಾ ಪರಿಚಾರಕನಾಗಿ ದೊರೆಯ ಹಿಂದೆ ಓಡಾಡಿದವನು. ಈಗ ಅದೇ ದೊರೆಯ ಕೈದಿ. ಹುಚ್ಚು ಹಿಡಿಯದಿರಲಿ ಅಂತ ಕೋಣೆಯೊಳಗೇ ದಿನಕ್ಕೆ ಏಳು ವರ್ಸ್ಟ್, ಅಂದರೆ ಏಳೂವರೆ ಕಿಲೋಮೀಟರ್, ಲೆಕ್ಕ ಹಾಕಿ ನಡೆಯುತ್ತಿದ್ದ. ಆಮೇಲೆ ಪಕ್ಕದ ಕೋಣೆಗಳಿಗೆ ಬೇರೆಯವರು ಬಂದರು. ಗೋಡೆ ತಟ್ಟುವ ಭಾಷೆ ಶುರುವಾಯಿತು. ಅಕ್ಷರಗಳನ್ನು ಸಾಲು ಸಾಲಾಗಿ ಜೋಡಿಸಿಕೊಳ್ಳುವುದು. ಮೊದಲು ಸಾಲಿನ ಸಂಖ್ಯೆಯಷ್ಟು ತಟ್ಟುವುದು, ಆಮೇಲೆ ಆ ಸಾಲಿನಲ್ಲಿ ಎಷ್ಟನೇ ಅಕ್ಷರವೋ ಅಷ್ಟು. ಹೀಗೆ ತಟ್ಟಿ ತಟ್ಟಿಯೇ ಕ್ರೊಪೊಟ್ಕಿನ್ ಪಕ್ಕದ ಹುಡುಗನಿಗೆ ಪ್ಯಾರಿಸ್ ಕಮ್ಯೂನಿನ, ಅಂದರೆ 1871ರ ಪ್ಯಾರಿಸ್ ದಂಗೆಯ, ಕಥೆ ಹೇಳಿದ. ಪೂರ್ತಿ ಒಂದು ವಾರ ಹಿಡಿಯಿತು.

"ಅಪ್ಪಾ, ನಮ್ಮ ಅಕ್ಷರಮಾಲೆಗೆ ಇದು ಸರಿಯಾಗಿ ಹೊಂದುತ್ತಲ್ವಾ?" ಅಂದಳು ಮಗಳು. ಹೌದಲ್ಲ! ಕ ಖ ಗ ಘ ಙ ಇಂದ ಪ ಫ ಬ ಭ ಮ ತನಕ, ಐದೈದರ ಐದು ಸಾಲು. ಕ ಅಂದರೆ ಒಂದು-ಒಂದು. ಮ ಅಂದರೆ ಐದು-ಐದು. ಕಾಗುಣಿತ ಊಹಿಸಿಕೊಳ್ಳಬೇಕು, ಯ ರ ಲ ವದಂಥವಕ್ಕೆ ಬೇರೆ ಸಾಲು ಬೇಕು.

ಒಂದು ಬಾಗಿಲ ಬಳಿ ಅಲೆಕ್ಸಾಂಡರ್ ಉಲ್ಯಾನೋವ್ ಹೆಸರು ನೋಡಿ ನಿಂತೆ. ಲೆನಿನ್‌ನ ಅಣ್ಣ. ಮೂರನೇ ಅಲೆಕ್ಸಾಂಡರನನ್ನು ಕೊಲ್ಲುವ ಸಂಚಿನಲ್ಲಿ ಸಿಕ್ಕಿಬಿದ್ದ. 1887ರಲ್ಲಿ ಗಲ್ಲಿಗೇರಿದಾಗ ಅವನಿಗೆ 21 ವರ್ಷ. ಮಗಳ ವಯಸ್ಸು ಈಗ ಅಷ್ಟೇ. ಅದನ್ನು ಅವಳಿಗೆ ಹೇಳಲಿಲ್ಲ.

1881ರಲ್ಲಿ ಎರಡನೇ ಅಲೆಕ್ಸಾಂಡರ್ ಬಾಂಬಿಗೆ ಬಲಿಯಾದ ಮೇಲೆ ಮಗ ಮೂರನೇ ಅಲೆಕ್ಸಾಂಡರ್ ಬಿಗಿ ಹಿಡಿದಿದ್ದು ಕೇಳಬೇಡಿ. ಅದೇ ವರ್ಷ ಒಂದು ತುರ್ತು ಕಾನೂನು ಬಂತು. ವಿಚಾರಣೆ ಇಲ್ಲದೆ ಯಾರನ್ನು ಬೇಕಾದರೂ ದೂರಕ್ಕೆ ಗಡೀಪಾರು ಮಾಡಬಹುದು. ಮೂರೇ ವರ್ಷಕ್ಕೆ ಅಂತ ತಂದಿದ್ದು, ಮತ್ತೆ ಮತ್ತೆ ಮುಂದುವರಿಸಿ 1917ರ ತನಕ ಎಳೆದರು. ತಾತ್ಕಾಲಿಕ ಅನ್ನುವ ಮಾತು ಎಲ್ಲ ಸರ್ಕಾರಗಳಿಗೂ ಇಷ್ಟ ನೋಡಿ.

ಜೈಲಿನಿಂದ ಸ್ವಲ್ಪ ನಡೆದರೆ ಅದೇ ಕೋಟೆಯೊಳಗಿನ ಚರ್ಚು. ಝಾರ್‌ಗಳ ಗೋರಿಗಳು ಅಲ್ಲಿವೆ. ಜಾಸ್ತಿ ಎಲ್ಲ ಬಿಳಿ ಅಮೃತಶಿಲೆ. ಎರಡನೇ ಅಲೆಕ್ಸಾಂಡರನದು ಮಾತ್ರ ಹಸಿರು ಕಲ್ಲು, ಪಕ್ಕದಲ್ಲಿ ಹೆಂಡತಿಯದು ಗುಲಾಬಿ. ಕಡೆಯ ಝಾರ್ ಎರಡನೇ ನಿಕೋಲಸ್‌ನನ್ನು ಇಲ್ಲಿಗೆ ತಂದಿದ್ದು 1998ರ ಜುಲೈ 17ಕ್ಕೆ, ಗುಂಡಿಟ್ಟು ಕೊಂದ 80 ವರ್ಷದ ಮೇಲೆ, ಅದೇ ದಿನ. ಒಂದು ಪಕ್ಕದ ಕೋಣೆಯಲ್ಲಿದ್ದಾನೆ. ಗುಂಪು ಅಲ್ಲೇ ಜಾಸ್ತಿ.

ಮಾರನೇ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಪಕ್ಕದ ರೂಮಿನಿಂದ ಟಕ್ ಟಕ್ ಕೇಳಿತು. ನಾಲ್ಕು-ಒಂದು. ಮೂರು-ಮೂರು. ಹಾಸಿಗೆಯಲ್ಲೇ ಬೆರಳು ಮಡಚಿ ಲೆಕ್ಕ ಹಾಕಿದೆ. ತ, ಡ. ತಿಂಡಿ ಅಂತಲೋ, ತಡ ಆಯ್ತು ಅಂತಲೋ? ಕೇಳಿದರೆ ಎರಡೂ ಅಂದಳು ಮಗಳು.

ವಿಟೆಬ್ಸ್ಕಿ ನಿಲ್ದಾಣದಿಂದ ಅರ್ಧ ಗಂಟೆ ರೈಲು. ತ್ಸಾರ್ಸ್ಕೊಯೆ ಸೆಲೊ, ದೊರೆಗಳ ಹಳ್ಳಿ. ಅಲೆಕ್ಸಾಂಡರ್ ಅರಮನೆ ನಿಕೋಲಸ್‌ನ ಸಂಸಾರದ ಮನೆ. 1897ರ ಜನಗಣತಿಯಲ್ಲಿ ಉದ್ಯೋಗ ಏನು ಅಂತ ಕೇಳಿದ್ದಕ್ಕೆ "ರಷ್ಯಾದ ನೆಲದ ಯಜಮಾನ" ಅಂತ ಬರೆಸಿದವನು ಅವನು. 1905ರ ಜನವರಿಯ ಆ ಭಾನುವಾರ ಕೆಲಸಗಾರರು ಅವನ ಚಿತ್ರವನ್ನೇ ಹೊತ್ತು, ಮನವಿ ಹಿಡಿದು ಚಳಿಗಾಲದ ಅರಮನೆಯ ಕಡೆಗೆ ನಡೆದರು. ಸೈನಿಕರು ಗುಂಡು ಹಾರಿಸಿದರು. ಯಜಮಾನ ಆ ದಿನ ಅಲ್ಲಿರಲೇ ಇಲ್ಲ, ಇಲ್ಲಿದ್ದ. ಮರುವರ್ಷ ಹೊಸ ಮೂಲ ಕಾನೂನಿನಿಂದ "ಮಿತಿಯಿಲ್ಲದ" ಅನ್ನುವ ಪದ ತೆಗೆಸಿದರು. "ನಿರಂಕುಶ" ಅನ್ನುವುದು ಉಳಿಯಿತು.

1917ರಲ್ಲಿ ಸಿಂಹಾಸನ ಬಿಟ್ಟು ಬಂದ ಮೇಲೆ ಸುಮಾರು ಐದು ತಿಂಗಳು ಇದೇ ಮನೆಯಲ್ಲಿ ಕೈದಿ. ತೋಟದಲ್ಲಿ ಹಿಮ ಸರಿಸಿದ, ಮರ ಕೊಯ್ದ, ತರಕಾರಿ ಹಾಕಿದ. ಅದೇ ಹೊತ್ತಿಗೆ ಅವನ ಮಂತ್ರಿಗಳು ಟ್ರುಬೆಟ್ಸ್ಕೊಯ್ ಬುರುಜಿನ ಕೋಣೆಗಳಲ್ಲಿದ್ದರು. ಅವರಿಗೆ ಗೋಡೆ ತಟ್ಟುವ ಭಾಷೆ ಬರುತ್ತಿತ್ತಾ ಅಂತ ಮಗಳ ಅನುಮಾನ.

ಅನುಮಾನ ಬಂದವಳು ಸುಮ್ನೆ ಇರಬಾರದೇ. ನಿಕೋಲಸ್‌ನ ಕೋಣೆಯ ಗೋಡೆಗೆ ಬೆರಳಿನಿಂದ ಎರಡು ಸಲ ತಟ್ಟಿದಳು. ಮೂಲೆಯ ಕುರ್ಚಿಯಿಂದ ಅಜ್ಜಿಯೊಬ್ಬರು ಎದ್ದು "ನೆಲ್ಜ್ಯಾ!" ಅಂದರು. ಕೂಡದು ಅಂತ. ಹೊರಗೆ ಬಂದು ಎಲೆಕೋಸು ತುಂಬಿದ ಪಿರೋಜ್ಕಿ ತಿಂದೆವು. ಬಿಸಿ ಇತ್ತು, ಖಾರ ಒಂದು ಕಡಿಮೆ.